ಡೈ ಒಳಗೆ ಮಾಲು ಸಲೀಸಾಗಿ ಹರೀಬೇಕಂದ್ರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಪ್ಲಾಸ್ಟಿಕ್ ಮೋಲ್ಡಿಂಗ್ ಮತ್ತೆ ಅಲ್ಯೂಮಿನಿಯಂ ಡೈಕಾಸ್ಟಿಂಗ್ ಬಗ್ಗೇನೇ ಇದ್ವು, ಅಂದ್ರೆ ಕರಗಿದ ಪ್ಲಾಸ್ಟಿಕ್ ಇಲ್ಲಾ ಲೋಹಾನ (ನಾವು ಮಾಲು ಅನ್ನೋದು ಇದನ್ನೇ) ಒತ್ತಡದಲ್ಲಿ ಸ್ಟೀಲ್ ಅಚ್ಚಿಗೆ, ಅಂದ್ರೆ ಮೋಲ್ಡ್ ಅಥವಾ ಡೈಗೆ, ತುಂಬಿ ಪೀಸ್ ತೆಗೆಯೋ ಕೆಲಸ. ತಮಾಷೆ ಏನಂದ್ರೆ ಎಲ್ರ ದೂರೂ ಮೆಷಿನ್ ಮೇಲೆ, ಇಲ್ಲಾಂದ್ರೆ ಆಪರೇಟರ್ ಮೇಲೆ. ಡ್ರಾಯಿಂಗ್ ಮೇಲೆ ಯಾರಿಗೂ ಡೌಟ್ ಇಲ್ಲ. ಆದ್ರೆ ಗೇಟ್‌ನಿಂದ (ಮಾಲು ಅಚ್ಚಿನೊಳಗೆ ಹೋಗೋ ಬಾಯಿ) ಹೊರಟ ಮಾಲು ಯಾವ ದಾರೀಲಿ ಹೋಗತ್ತೆ, ಎಲ್ಲಿ ತಡೆಯತ್ತೆ, ಕೊನೇಗೆ ಎಲ್ಲಿ ಸೇರತ್ತೆ ಅನ್ನೋದೆಲ್ಲ ಡ್ರಾಯಿಂಗ್‌ನಲ್ಲೇ ತೀರ್ಮಾನ ಆಗೋಗಿರತ್ತೆ, ಆಮೇಲೆ ಮೆಷಿನ್ ಪಕ್ಕ ನಿಂತ್ಕೊಂಡು ಪ್ರೆಶರ್ ತಿರುಗಿಸಿದ್ರೆ ಒಂದು ತೊಂದ್ರೆ ಹೋಗಿ ಇನ್ನೊಂದು ಬರತ್ತೆ ಅಷ್ಟೆ. ಮೊದಲ್ನೇ ಪತ್ರಾನೇ ಇದಕ್ಕೆ ಸಾಕ್ಷಿ.

ಪ್ರಶ್ನೆ: ಪೀಣ್ಯದಲ್ಲಿ ನಮ್ದು ಸಣ್ಣ ಯೂನಿಟ್ಟು. ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಒಂದು ಮೀಟರ್ ಕವರ್ ಮಾಡಿಸ್ತಿದೀವಿ, ಗೋಡೆ 2 ಎಂಎಂ, ಹಿಂದೆ ಬಲಕ್ಕೆ ಕೊಟ್ಟಿರೋ ರಿಬ್ಬೂ (ಎದ್ದು ನಿಂತ ಪಟ್ಟಿ) 2 ಎಂಎಂ. ಮುಂದಿನ ಫೇಸ್‌ನಲ್ಲಿ ರಿಬ್ ಮತ್ತೆ ಸ್ಕ್ರೂ ಬಾಸ್ (ಸ್ಕ್ರೂ ಕೂರೋ ಕಂಬ) ಇರೋ ಜಾಗದಲ್ಲಿ ಸರಿಯಾಗಿ ಗುಳಿ ಬೀಳ್ತಿದೆ. ಹೋಲ್ಡಿಂಗ್ ಪ್ರೆಶರ್ (ಅಚ್ಚು ತುಂಬಿದ್ಮೇಲೂ ಒತ್ತಿ ಹಿಡಿಯೋ ಒತ್ತಡ) ಏರಿಸಿದ್ವಿ, ಗುಳಿ ಸ್ವಲ್ಪ ಕಮ್ಮಿ ಆಯ್ತು, ಆದ್ರೆ ಈಗ ಅಂಚಲ್ಲೆಲ್ಲಾ ಮಾಲು ಹೊರಚೆಲ್ಲಿ ಫ್ಲ್ಯಾಶು. ಏನ್ಮಾಡೋದು ಸಾರ್?

ಉತ್ತರ: ಪ್ರೆಶರ್ ವಾಪಸ್ ಇಳಿಸಿ ಸಾರ್ ಮೊದಲು, ಮೋಲ್ಡ್‌ನ ಎರಡು ಭಾಗ ಸೇರೋ ಪಾರ್ಟಿಂಗ್ ಲೈನ್ ಹಾಳಾಗತ್ತೆ. ನಿಮ್ಮ ಉತ್ತರ ನಿಮ್ಮ ಪ್ರಶ್ನೇಲೇ ಇದೆ, ಗೋಡೆ 2, ರಿಬ್ಬೂ 2. ಒಂದು ಪೇಪರ್ ಮೇಲೆ ಆ ಜಾಯಿಂಟ್‌ನ ಸೆಕ್ಷನ್ ದೊಡ್ಡದಾಗಿ ಬರೀರಿ, ಉಲ್ಟಾ ಟಿ ಥರ ಬರತ್ತಲ್ಲ, ಅದರ ಒಳಗೆ ಹಿಡಿಯೋವಷ್ಟು ದೊಡ್ಡ ವೃತ್ತ ಎಳೀರಿ. 2 ಎಂಎಂ ಗೋಡೆ 2 ಎಂಎಂ ರಿಬ್ ಆದ್ರೆ ಆ ವೃತ್ತದ ಡಯಾ 2.5 ಎಂಎಂ ಬರತ್ತೆ, ಮೂಲೇಲಿ ರೇಡಿಯಸ್ ಕೊಟ್ಟಿದ್ರೆ ಇನ್ನೂ ಜಾಸ್ತಿ. ಪ್ಲಾಸ್ಟಿಕ್ ಆರೋಕೆ ಬೇಕಾದ ಟೈಮ್ ದಪ್ಪದ ವರ್ಗಕ್ಕೆ ತಕ್ಕಂತೆ ಏರತ್ತೆ, ಅಂದ್ರೆ ಅಕ್ಕಪಕ್ಕದ ಗೋಡೆ ಗಟ್ಟಿಯಾದ್ಮೇಲೂ ಆ ಜಾಯಿಂಟ್ ಒಳಗೆ ಮಾಲು ಇನ್ನೂ ಮೆತ್ತಗೇ ಇರತ್ತೆ, ಲೆಕ್ಕ ಹಾಕಿದ್ರೆ ಹತ್ರತ್ರ ಒಂದೂವರೆ ಪಟ್ಟು ಹೊತ್ತು. ಆಮೇಲೆ ಅದು ಕುಗ್ಗುವಾಗ ಮೇಲಿನ ಚರ್ಮಾನ ಒಳಕ್ಕೆ ಎಳ್ಕೊಳತ್ತೆ, ಅದೇ ನಿಮಗೆ ಕಾಣ್ತಿರೋ ಗುಳಿ. ಅದೇ ರಿಬ್‌ನ 1 ಎಂಎಂ ಮಾಡಿದ್ರೆ ವೃತ್ತ 2.1ರ ಆಸುಪಾಸಿಗೆ ಇಳಿಯತ್ತೆ, ಗೋಡೆಗೂ ಅದಕ್ಕೂ ವ್ಯತ್ಯಾಸಾನೇ ಕಾಣಲ್ಲ.

ಅದಕ್ಕೇ ಎಬಿಎಸ್‌ಗೆ ರಿಬ್ ದಪ್ಪ ಗೋಡೆಯ ಶೇ. 50ರಿಂದ 60 ಅಂತ ಹೇಳೋದು. ಪಿಪಿ (ಪಾಲಿಪ್ರೊಪಿಲೀನ್), ನೈಲಾನ್ ಥರ ಜಾಸ್ತಿ ಕುಗ್ಗೋ ಮಾಲಾದ್ರೆ ಶೇ. 50ರ ಒಳಗೇ ಇರ್ಲಿ. ರಿಬ್ ತೆಳ್ಳಗಾದ್ರೆ ಸ್ಟ್ರೆಂತ್ ಹೋಗಲ್ವಾ ಅಂತ ಕೇಳ್ತೀರಿ, ಒಂದು ದಪ್ಪ ರಿಬ್ ಬದ್ಲು ಎರಡು ತೆಳು ರಿಬ್ ಕೊಡಿ, ಎರಡರ ಮಧ್ಯೆ ಗೋಡೆ ದಪ್ಪದ ಎರಡು ಪಟ್ಟಾದ್ರೂ ಜಾಗ ಬಿಡಿ, ಎತ್ತರ ಗೋಡೆಯ ಮೂರು ಪಟ್ಟು ದಾಟದೇ ಇರ್ಲಿ.

ಈಗ ತೊಂದ್ರೆ ಏನಂದ್ರೆ ನಿಮ್ಮ ಮೋಲ್ಡ್ ಆಗ್ಲೇ ರೆಡಿ. ರಿಬ್ ಅಂದ್ರೆ ಸ್ಟೀಲ್‌ನಲ್ಲಿ ಕೊರೆದ ಒಂದು ಸೀಳು. ಆ ಸೀಳನ್ನ ಅಗಲ ಮಾಡೋದು ಸುಲಭ, ಇನ್ನೊಂದ್ಸಲ ಸ್ಪಾರ್ಕ್ ಹಾಕಿದ್ರೆ (ಕಿಡಿಯಿಂದ ಸ್ಟೀಲ್ ಕೊರೆದ್ರೆ) ಆಯ್ತು, ಆದ್ರೆ ಕಿರಿದು ಮಾಡ್ಬೇಕಂದ್ರೆ ವೆಲ್ಡ್ ತುಂಬಿ ಮತ್ತೆ ಕೊರೀಬೇಕು, ಇಲ್ಲಾ ಇನ್ಸರ್ಟ್ ಹಾಕ್ಬೇಕು, ಎರಡೂ ದುಡ್ಡು. ಮುಂದಿನ ಮೋಲ್ಡ್‌ಗಾದ್ರೂ ಮೊದಲು ತೆಳ್ಳಗೇ ಮಾಡ್ಸಿ, ಟ್ರಯಲ್ ನೋಡಿ, ಬೇಕಿದ್ರೆ ದಪ್ಪ ಮಾಡ್ಕೊಳ್ಳಿ. ಮೋಲ್ಡ್ ಮಾಡೋ ಟೂಲ್‌ರೂಮ್‌ನೋರು ಇದನ್ನ ಸ್ಟೀಲ್ ಸೇಫ್ ಅಂತಾರೆ.

ಬಾಸ್ ಹತ್ರದ ಗುಳಿಗೆ ಮಾತ್ರ ಕಮ್ಮಿ ಖರ್ಚಿನ ದಾರಿ ಇದೆ. ಬಾಸ್ ತೂತು ಮಾಡೋ ಕೋರ್ ಪಿನ್ ಇರತ್ತಲ್ಲ, ಅದನ್ನ ಸ್ವಲ್ಪ ಉದ್ದದ್ದು ಹಾಕ್ಸಿ, ತೂತಿನ ತಳ ಗೋಡೆ ಒಳಗೂ ಸ್ವಲ್ಪ ಇಳೀಲಿ, ತಳದಲ್ಲಿ ಒಂದೂವರೆ ಎಂಎಂ ಉಳಿದ್ರೆ ಸಾಕು. ಪಿನ್ ಬದಲಾಯಿಸೋದು ಒಂದು ದಿನದ ಕೆಲಸ. ಇನ್ನು ಬಾಸ್ ಸೈಜು, 3 ಎಂಎಂ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗೆ ಎಬಿಎಸ್‌ನಲ್ಲಿ ತೂತು 2.4, ಹೊರಗಿನ ಡಯಾ 6 ಸಾಕಾಗತ್ತೆ, ಭದ್ರ ಇರ್ಲಿ ಅಂತ 9-10 ಕೊಡೋದೇ ಗುಳಿಗೆ ಆಹ್ವಾನ. ಮತ್ತೆ ಬಾಸ್‌ನ ಮೂಲೆ ಗೋಡೆಗೆ ಅಂಟಿಸಿ ನಿಲ್ಲಿಸ್ಬೇಡಿ, ಸ್ವಲ್ಪ ಒಳಗೆ ತಂದು ಗೋಡೆಗೆ ತೆಳು ರಿಬ್‌ನಿಂದ ಸೇರಿಸಿ.

ಇನ್ನೊಂದು ವಿಷ್ಯ ನೋಡ್ಕೊಳ್ಳಿ, ಗೇಟ್ ಎಲ್ಲಿದೆ? ತೆಳು ಭಾಗದಲ್ಲಿ ಗೇಟ್ ಕೊಟ್ಟು ಆ ಕಡೆ ತುದೀಲಿ ದಪ್ಪ ಇಟ್ರೆ ಮಧ್ಯದ ದಾರಿ ಮೊದಲೇ ಗಟ್ಟಿಯಾಗತ್ತೆ, ಆಮೇಲೆ ನೀವು ಎಷ್ಟು ಹೋಲ್ಡಿಂಗ್ ಕೊಟ್ರೂ ಅದು ದಪ್ಪ ಭಾಗಕ್ಕೆ ಮುಟ್ಟಲ್ಲ, ಗೇಟ್ ಹತ್ರಾನೇ ಒತ್ತಿ ಒತ್ತಿ ಫ್ಲ್ಯಾಶ್ ಮಾಡತ್ತೆ. ನಿಮಗೆ ಆಗಿರೋದೂ ಬಹುಶಃ ಇದೇನೇ. ಮಾಲು ಯಾವಾಗ್ಲೂ ದಪ್ಪದಿಂದ ತೆಳುವಿಗೆ ಹರೀಬೇಕು.

ಪ್ರಶ್ನೆ: ಹುಬ್ಬಳ್ಳಿಯಾಗ ಡಿಪ್ಲೊಮಾ ಓದಾಕತ್ತೀನ್ರಿ. ಪ್ರಾಜೆಕ್ಟಿಗೆ ಒಂದು ಡಬ್ಬಿ ಡಿಸೈನ್ ಮಾಡೇನಿ. ನಮ್ಮ ಗೈಡ್ ಎಲ್ಲಾ ಮೂಲಿಗೂ ರೇಡಿಯಸ್ ಕೊಡು, ಎಲ್ಲಾ ಗೋಡಿಗೂ ಡ್ರಾಫ್ಟ್ (ಸ್ವಲ್ಪ ಓರೆ) ಕೊಡು ಅಂತಾರ. ಚೂಪು ಮೂಲಿ ಇಟ್ರ ಚಂದ ಕಾಣ್ತದಲ್ರಿ, ಯಾಕ ಬ್ಯಾಡ?

ಉತ್ತರ: ಸ್ಕ್ರೀನ್ ಮೇಲೆ ಚಂದ ಕಾಣತ್ತಮ್ಮ, ನಿಜ. ಆದ್ರೆ ಮೋಲ್ಡ್ ಒಳಗೆ ಮಾಲು ನೀರಿನ ಥರ ಹೋಗಲ್ಲ. ತಣ್ಣನೆ ಸ್ಟೀಲ್ ತಾಗಿದ ತಕ್ಷಣ ಹೊರಪದರ ಗಟ್ಟಿಯಾಗಿ ಅಲ್ಲೇ ಅಂಟ್ಕೊಳತ್ತೆ, ಬಿಸಿ ಮಾಲು ಮಧ್ಯದಲ್ಲಿ ನುಗ್ಗಿ ಬಂದು ಮುಂದಿನ ತುದೀಲಿ ಎರಡೂ ಕಡೆ ಗೋಡೆಗೆ ತೆರ್ಕೊಳತ್ತೆ. ಒಳಮೂಲೆ ಚೂಪಾಗಿದ್ರೆ ಆ ತಿರುವಿನಲ್ಲಿ ಪ್ರೆಶರ್ ವೇಸ್ಟ್ ಆಗತ್ತೆ, ಆರಿದ್ಮೇಲೂ ಆ ಮೂಲೇಲಿ ಸ್ಟ್ರೆಸ್ ಉಳ್ಕೊಳತ್ತೆ, ಡಬ್ಬಿ ಕೆಳಗೆ ಬಿದ್ರೆ ಬಿರುಕು ಶುರುವಾಗೋದೇ ಅಲ್ಲಿಂದ. ಒಳಗಿನ ರೇಡಿಯಸ್ ಗೋಡೆ ದಪ್ಪದ ಅರ್ಧ, ಹೊರಗಿನದು ಒಂದೂವರೆ ಪಟ್ಟು ಕೊಡು. ಆಗ ತಿರುವಿನಲ್ಲೂ ದಪ್ಪ ಒಂದೇ ಇರತ್ತೆ. ಒಳಗೆ ಮಾತ್ರ ರೇಡಿಯಸ್ ಕೊಟ್ಟು ಹೊರಗೆ ಚೂಪು ಬಿಟ್ರೆ ಮೂಲೇಲಿ ಮಾಲು ಗುಡ್ಡೆ ಬೀಳತ್ತೆ, ಗೋಡೆ ಒಳಕ್ಕೆ ಬಾಗತ್ತೆ.

ಡ್ರಾಫ್ಟ್ ವಿಷ್ಯಕ್ಕೆ ಬಂದ್ರೆ, ಪೀಸ್ ಕುಗ್ಗಿ ಕೋರ್‌ನ (ಒಳಗಿನ ಆಕಾರ ಕೊಡೋ ಸ್ಟೀಲ್ ಭಾಗ) ಬಿಗಿಯಾಗಿ ಹಿಡ್ಕೊಂಡಿರತ್ತೆ, ಡ್ರಾಫ್ಟ್ ಇಲ್ಲಾಂದ್ರೆ ಎಜೆಕ್ಟರ್ ಪಿನ್ ತಳ್ಳಿದಾಗ ಗೀರು ಬೀಳತ್ತೆ, ಪಿನ್ ಜಾಗದಲ್ಲಿ ಬೆಳ್ಳಗೆ ಮಚ್ಚೆ ಆಗತ್ತೆ. ನಯವಾದ ಫೇಸ್‌ಗೆ ಒಂದು ಡಿಗ್ರಿ ಕೊಟ್ಕೋ. ಮೇಲೆ ಟೆಕ್ಸ್‌ಚರ್ ಇದ್ರೆ ಅದರ ಆಳದ ಪ್ರತಿ 0.025 ಎಂಎಂಗೆ ಇನ್ನೊಂದು ಡಿಗ್ರಿ ಸೇರಿಸು. ಲೆಕ್ಕ ಮಾತ್ರ ಮರೀಬೇಡ, 50 ಎಂಎಂ ಆಳಕ್ಕೆ ಒಂದು ಡಿಗ್ರಿ ಅಂದ್ರೆ ಒಂದೊಂದು ಕಡೆ 0.87 ಎಂಎಂ ಹೋಗತ್ತೆ. ಬುಡದಲ್ಲಿ 1.2 ಎಂಎಂ ಇರೋ ರಿಬ್‌ನ 20 ಎಂಎಂ ಎತ್ತರ ಮಾಡಿ ಎರಡೂ ಕಡೆ ಒಂದು ಡಿಗ್ರಿ ಕೊಟ್ರೆ ತುದೀಲಿ ಉಳಿಯೋದು ಅರ್ಧ ಎಂಎಂ ಅಷ್ಟೆ, ಅಲ್ಲಿಗೆ ಮಾಲು ಹೋಗೋದೇ ಡೌಟು, ಹೋದ್ರೂ ಗಾಳಿ ಸಿಕ್ಕಾಕ್ಕೊಂಡು ಸುಟ್ಟ ಮಚ್ಚೆ ಬರತ್ತೆ.

ನಿಮ್ಮೂರಲ್ಲೇ ಜಿಟಿಟಿಸಿ ಸೆಂಟರ್ ಇದೆ, 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್‌ನ ಶಾಖೆ ಅದು. ಗೈಡ್ ಹತ್ರ ಒಂದು ಲೆಟರ್ ಬರೆಸ್ಕೊಂಡು ಹೋಗು, ಬಿಚ್ಚಿಟ್ಟ ಮೋಲ್ಡ್ ಒಂದನ್ನ ಕಣ್ಣಲ್ಲಿ ನೋಡಿದ್ರೆ ಈ ನನ್ನ ಅರ್ಧ ಪೇಜ್ ಉತ್ತರ ಬೇಕಾಗ್ತಿರ್ಲಿಲ್ಲ ಅನ್ಸತ್ತೆ.

ಪ್ರಶ್ನೆ: ಬೊಮ್ಮಸಂದ್ರದಲ್ಲಿ ಡೈಕಾಸ್ಟಿಂಗ್ ಮಾಡ್ತೀವಿ. ಎಡಿಸಿ12 ಅನ್ನೋ ಅಲ್ಯೂಮಿನಿಯಂ ಅಲಾಯ್‌ನಲ್ಲಿ ಒಂದು ಹೌಸಿಂಗ್. ಕಾಸ್ಟಿಂಗ್ ನೋಡೋಕೆ ಚೆನ್ನಾಗೇ ಇರತ್ತೆ, ಮೆಷಿನಿಂಗ್ ಆದ್ಮೇಲೆ ಫೇಸ್‌ನಲ್ಲಿ ಬ್ಲೋ ಹೋಲ್ (ಸಣ್ಣ ತೂತು), ಲೀಕ್ ಟೆಸ್ಟ್‌ನಲ್ಲಿ ಬೋರ್ ಹತ್ರ ಗುಳ್ಳೆ. ಕಸ್ಟಮರ್ ಅಲಾಯ್ ಸರಿ ಇಲ್ಲ ಅಂತಿದಾರೆ. ಅಲಾಯ್ ಚೇಂಜ್ ಮಾಡ್ಬೇಕಾ?

ಉತ್ತರ: ಅಲಾಯ್‌ನ ಬಿಡಿ ಸದ್ಯಕ್ಕೆ. ಎಡಿಸಿ12ನಲ್ಲಿ ಸಿಲಿಕಾನ್ ಹೆಚ್ಚೂಕಮ್ಮಿ ಶೇ. 10ರಿಂದ 12 ಇರತ್ತೆ, ಹರಿಯೋದ್ರಲ್ಲಿ ಅದಕ್ಕಿಂತ ಒಳ್ಳೇದು ಹುಡುಕೋದು ಕಷ್ಟ. ಮೊದ್ಲು ಒಂದು ರಿಜೆಕ್ಟ್ ಪೀಸ್ ತಗೊಂಡು ತೂತಿರೋ ಜಾಗದಲ್ಲಿ ಕಟ್ ಮಾಡಿ, ಎಮರಿ ಹಾಕಿ, ಲೆನ್ಸ್ ಇಟ್ಟು ನೋಡಿ. ತೂತು ದುಂಡಗೆ ಇದ್ದು ಒಳಗೋಡೆ ನಯವಾಗಿ ಹೊಳೀತಿದ್ರೆ ಅದು ಗಾಳಿ, ಇಲ್ಲಾ ಡೈ ಸ್ಪ್ರೇ ಮಾಡಿದ ಲೂಬ್ರಿಕೆಂಟ್ ಗ್ಯಾಸ್. ಅಂಕುಡೊಂಕಾಗಿ, ಒರಟಾಗಿ, ಮಂಕಾಗಿ ಇದ್ರೆ ಅದು ಕುಗ್ಗಿದ್ರಿಂದ ಆದ ತೂತು. ಎರಡಕ್ಕೂ ಮದ್ದು ಬೇರೆ ಬೇರೆ, ಇದನ್ನ ನೋಡ್ದೇನೇ ಪ್ಯಾರಾಮೀಟರ್ ಬದಲಾಯಿಸ್ತಾ ಕೂತ್ರೆ ವರ್ಷ ಕಳೆದ್ರೂ ಮುಗಿಯಲ್ಲ.

ಗಾಳಿ ತೂತಾದ್ರೆ: ಗೇಟ್‌ನಲ್ಲಿ ಲೋಹ ಸೆಕೆಂಡಿಗೆ 30ರಿಂದ 50 ಮೀಟರ್ ಸ್ಪೀಡಲ್ಲಿ ನುಗ್ಗತ್ತೆ, 40 ಅಂತ ಇಟ್ಕೊಂಡ್ರೂ ಗಂಟೆಗೆ 144 ಕಿಲೋಮೀಟರ್ ಆಯ್ತು. ಇಡೀ ಕ್ಯಾವಿಟಿ (ಡೈ ಒಳಗಿನ ಖಾಲಿ ಜಾಗ) ತುಂಬೋದು ಸೆಕೆಂಡಿನ ನೂರನೇ ಭಾಗಗಳ ಲೆಕ್ಕದಲ್ಲಿ. ಅಷ್ಟರಲ್ಲಿ ಒಳಗಿದ್ದ ಗಾಳಿ ಹೊರಗೆ ಓಡ್ಬೇಕು, ದಾರಿ ಎಲ್ಲಿದೆ ಅದಕ್ಕೆ? ನಿಮ್ಮ ಹೌಸಿಂಗ್‌ನಲ್ಲಿ ಮಧ್ಯೆ ಬೋರ್ ಇದೆ ಅಂತೀರಿ. ಲೋಹ ಬಂದು ಬೋರ್ ಕೋರ್‌ಗೆ ಹೊಡೆದು ಎರಡಾಗಿ ಸೀಳ್ಕೊಂಡು ಅದರ ಹಿಂದೆ ಮತ್ತೆ ಸೇರತ್ತೆ, ಆ ಹಿಂಭಾಗದಲ್ಲೇ ಗಾಳಿ ಸಿಕ್ಕಿ ಬೀಳತ್ತೆ, ಲೋಹದ ಮುಂತುದಿ ತಣ್ಣಗಾಗಿದ್ರೆ ಅಲ್ಲೇ ಸರಿಯಾಗಿ ಬೆಸೆಯದ ಗೆರೆ, ಅಂದ್ರೆ ಕೋಲ್ಡ್ ಶಟ್ಟೂ ಆಗತ್ತೆ. ಲೀಕ್ ಟೆಸ್ಟ್ ತೊಟ್ಟೀಲಿ ಗುಳ್ಳೆ ಬರ್ತಿರೋದು ಗೇಟ್‌ಗೆ ಎದುರಿನ ಬದಿಯಿಂದಾನಾ ಅಂತ ಒಂದು ಹತ್ತು ಪೀಸ್‌ಗೆ ಮಾರ್ಕರ್‌ನಲ್ಲಿ ಗುರುತು ಹಾಕಿ ನೋಡಿ. ಹೌದಾದ್ರೆ ಅಲ್ಲೇ ಓವರ್‌ಫ್ಲೋ (ಹೆಚ್ಚುವರಿ ಲೋಹ ಸೇರೋ ಗುಂಡಿ) ಕೊಡ್ಸಿ, ಅದರ ಹಿಂದೆ ವೆಂಟ್ (ಗಾಳಿ ಹೋಗೋ ಸೀಳು) ಕೊಡ್ಸಿ, ಮೊದಲು ಬಂದ ತಣ್ಣನೆ ಲೋಹ, ಗಾಳಿ ಎರಡೂ ಅದರೊಳಗೆ ಹೋಗ್ಲಿ. ರಿಬ್‌ಗಳು ಹರಿವಿಗೆ ಅಡ್ಡ ಇದ್ರೆ ಲೋಹ ಪ್ರತಿ ರಿಬ್‌ಗೂ ಎಡವುತ್ತೆ, ಸಾಧ್ಯ ಆದಷ್ಟು ಹರಿವಿನ ದಿಕ್ಕಲ್ಲೇ ತಿರುಗಿಸಿ. ಶಾಟ್ ಸ್ಲೀವ್ (ಲೋಹ ಹುಯ್ಯೋ ಕೊಳವೆ, ಪ್ಲಂಜರ್ ಅದರಿಂದ ಲೋಹಾನ ಡೈಗೆ ತಳ್ಳತ್ತೆ) ಕೂಡಾ ನೋಡಿ. ಸಣ್ಣ ಪೀಸ್‌ಗೆ ದೊಡ್ಡ ಸ್ಲೀವ್ ಹಾಕಿ ಮೂವತ್ತು ಪರ್ಸೆಂಟ್ ಮಾತ್ರ ತುಂಬ್ತಿದ್ರೆ ಉಳಿದಿದ್ದೆಲ್ಲಾ ಗಾಳಿ, ಪ್ಲಂಜರ್ ಶುರೂನಲ್ಲೇ ಜೋರಾಗಿ ಹೊರಟ್ರೆ ಆ ಗಾಳೀನ ಲೋಹದ ಜೊತೆ ಕಲಸಿ ಕಳಿಸತ್ತೆ.

ಕುಗ್ಗಿದ ತೂತಾದ್ರೆ ತಪ್ಪು ಬಹುಪಾಲು ಡ್ರಾಯಿಂಗ್‌ದೇ. ಗೋಡೆ 3 ಎಂಎಂ ಇದ್ದು ಬೋಲ್ಟ್ ಹಾಕೋ ಕಡೆ 12 ಎಂಎಂ ಗಡ್ಡೆ ಇಟ್ರೆ ಗೇಟ್ ಮೊದಲೇ ಆರಿ ಮುಚ್ಕೊಳತ್ತೆ, 600-700 ಬಾರ್ ಪ್ರೆಶರ್ ಇದ್ರೂ ಗಡ್ಡೆ ಒಳಗೆ ಮುಟ್ಟೋ ದಾರಿ ಇರಲ್ಲ. ತೂತನ್ನ ಆಮೇಲೆ ಡ್ರಿಲ್ ಮಾಡೋ ಬದ್ಲು ಕೋರ್ ಪಿನ್ ಹಾಕಿ ಕಾಸ್ಟಿಂಗ್‌ನಲ್ಲೇ ತಗೀರಿ, ಗಡ್ಡೆ ಹಿಂದೆ ಟೊಳ್ಳು ಮಾಡಿ ರಿಬ್ ಕೊಡಿ.

ಇನ್ನೊಂದು ಮಾತು, ತುಂಬಾ ಜನ ಇದನ್ನ ಮಿಸ್ ಮಾಡ್ತಾರೆ. ಡೈಕಾಸ್ಟಿಂಗ್‌ನ ಹೊರಚರ್ಮ ಅರ್ಧ ಎಂಎಂನಷ್ಟು ಗಟ್ಟಿಯಾಗಿ ಒತ್ತಾಗಿ ಇರತ್ತೆ, ಪೋರಾಸಿಟಿ (ಸಣ್ಣ ಸಣ್ಣ ತೂತು) ಇರೋದು ಅದರ ಒಳಗೆ. ಸ್ಯಾಂಡ್ ಕಾಸ್ಟಿಂಗ್ (ಮರಳಿನ ಅಚ್ಚು) ಅಭ್ಯಾಸದಲ್ಲಿ 2 ಎಂಎಂ ಮೆಷಿನಿಂಗ್ ಅಲೋಯನ್ಸ್ ಬಿಟ್ಟು ಆ ಚರ್ಮಾನೇ ಹೆರೆದು ಹಾಕ್ತೀರಿ, ಆಮೇಲೆ ಬ್ಲೋ ಹೋಲ್ ಬಂತು ಅಂತೀರಿ. ಅದು ಮೊದಲೇ ಇತ್ತು, ನೀವು ಬಾಗಿಲು ತೆಗೆದ್ರಿ. 0.3ರಿಂದ 0.5 ಎಂಎಂ ಸಾಕು. ಬೋರ್‌ಗೆ ಜಾಸ್ತಿ ಡ್ರಾಫ್ಟ್ ಇದ್ದು ಒಂದು ತುದೀಲಿ ತುಂಬಾ ಹೆರೀಬೇಕಾಗ್ತಿದ್ರೆ ಎರಡೂ ಕಡೆಯಿಂದ ಕೋರ್ ಬರೋ ಹಾಗೆ ಮಾಡಿ, ಡ್ರಾಫ್ಟ್ ಅರ್ಧ ಅರ್ಧ ಹಂಚ್ಕೊಳತ್ತೆ.

ಇಷ್ಟಾದ್ಮೇಲೂ ಸಣ್ಣ ಲೀಕ್ ಉಳಿದ್ರೆ ವ್ಯಾಕ್ಯೂಮ್ ಇಂಪ್ರೆಗ್ನೇಷನ್ ಮಾಡಿಸ್ಬಹುದು, ರೆಸಿನ್ ಹೋಗಿ ತೂತು ಮುಚ್ಚತ್ತೆ. ಲೀಕ್ ನಿಲ್ಲತ್ತೆ, ಸ್ಟ್ರೆಂತ್ ಮಾತ್ರ ಬರಲ್ಲ, ಕಸ್ಟಮರ್‌ಗೆ ಹೇಳಿಯೇ ಮಾಡಿ.

ಪ್ರಶ್ನೆ: ಅದೇ ಥರ ನಮ್ದೂ. ಪೌಡರ್ ಕೋಟಿಂಗ್ ಓವನ್‌ಗೆ ಹೋಗಿ ಬಂದ್ಮೇಲೆ ಮಾತ್ರ ಗುಳ್ಳೆ ಏಳತ್ತೆ. ಕೋಟಿಂಗ್‌ನೋರ ತಪ್ಪಲ್ವಾ? (ಹೊಸೂರಿನಿಂದ ಒಬ್ಬ ಕನ್ನಡಿಗ ಓದುಗರು)

ಉತ್ತರ: ಪಾಪ, ಅವರದ್ದಲ್ಲ. ಓವನ್ 180-200 ಡಿಗ್ರಿ ಇರತ್ತೆ, ಒಳಗೆ ಒತ್ತಡದಲ್ಲಿ ಸಿಕ್ಕಾಕ್ಕೊಂಡಿರೋ ಗ್ಯಾಸ್ ಹಿಗ್ಗಿ, ಮೆತ್ತಗಾದ ಚರ್ಮಾನ ಎತ್ತತ್ತೆ. ಕೋಟಿಂಗ್ ಹಾಕದೇ ಬರೀ ಪೀಸ್‌ನ ಅದೇ ಓವನ್‌ನಲ್ಲಿ ಇಟ್ಟು ನೋಡಿ, ಆಗ್ಲೂ ಗುಳ್ಳೆ ಎದ್ರೆ ಜಗಳ ಮುಗೀತು. ಮದ್ದು ಮೇಲಿನ ಉತ್ತರದ ಗಾಳಿ ಭಾಗದಲ್ಲೇ ಇದೆ.

ಪ್ರಶ್ನೆ: ತುಮಕೂರು. ನೈಲಾನ್ 66, ಶೇ. 30 ಗ್ಲಾಸ್ ಹಾಕಿದ ಬ್ರ್ಯಾಕೆಟ್. ಬೋಲ್ಟ್ ಟೈಟ್ ಮಾಡಿದ್ರೆ ತೂತಿನ ಪಕ್ಕದಲ್ಲೇ ಕ್ರ್ಯಾಕು, ಯಾವಾಗ್ಲೂ ಒಂದೇ ಜಾಗದಲ್ಲಿ. ಮೆಟೀರಿಯಲ್ ಸಪ್ಲೈಯರ್ ಬದಲಾಯಿಸಿದ್ರೂ ಅದೇ ಕಥೆ.

ಉತ್ತರ: ಯಾವಾಗ್ಲೂ ಒಂದೇ ಜಾಗ ಅಂದ್ರೆ ಅದು ವೆಲ್ಡ್ ಲೈನ್. ಹೆಂಚಿನ ಮೇಲೆ ಎರಡು ಸೌಟು ದೋಸೆ ಹಿಟ್ಟು ಅಕ್ಕಪಕ್ಕ ಹುಯ್ದು ಅವು ಸೇರೋ ಗೆರೇಲೇ ದೋಸೆ ಹರಿಯತ್ತಲ್ಲ, ಅದೇ ಇದು. ತೂತಿನ ಪಿನ್ ಸುತ್ತಿ ಬಂದ ಎರಡು ಹರಿವು ಸೇರೋ ಕಡೆ ಗ್ಲಾಸ್ ಎಳೆಗಳು ಗೆರೆ ದಾಟಿ ಆ ಕಡೆಗೆ ಹೋಗಲ್ಲ, ಗೆರೆ ಉದ್ದಕ್ಕೇ ಮಲಗತ್ತೆ. ಹಾಗಾಗಿ ಗ್ಲಾಸ್‌ಗೆ ನೀವು ಕೊಟ್ಟ ದುಡ್ಡು ಆ ಜಾಗದಲ್ಲಿ ದಂಡ. ಸಪ್ಲೈಯರ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಗೇಟ್ ಜಾಗ ಬದಲಾಯಿಸಿ, ಲೋಡ್ ಬರದೇ ಇರೋ ಬದಿಗೆ ಆ ಗೆರೆ ತಳ್ಳಿ. ಗೇಟ್ ಕದಲಿಸೋಕೆ ಆಗಲ್ಲ ಅಂದ್ರೆ ಗೆರೆ ಬೀಳೋ ಕಡೆ ಹೊರಗೆ ಒಂದು ಸಣ್ಣ ಟ್ಯಾಬ್ ಕೊಟ್ಟು ಮಾಲು ಅದರೊಳಗೆ ದಾಟಿ ಹೋಗೋ ಹಾಗೆ ಮಾಡಿ, ಆಮೇಲೆ ಟ್ಯಾಬ್ ಕತ್ತರಿಸಿ. ತೀರಾ ಲೋಡ್ ಜಾಸ್ತಿ ಇದ್ರೆ ತೂತಿಗೆ ಹಿತ್ತಾಳೆ ಬುಶ್ ಹಾಕಿ, ಬೋಲ್ಟ್‌ನ ಒತ್ತಡ ಬುಶ್ ಮೇಲೆ ಬೀಳತ್ತೆ.

ಮತ್ತೆ ಮಾಲು ಒಣಗಿಸ್ತೀರಾ? ನೈಲಾನ್ ಗಾಳಿಯ ತೇವ ಕುಡಿಯೋದ್ರಲ್ಲಿ ಎತ್ತಿದ ಕೈ, 80 ಡಿಗ್ರೀಲಿ ನಾಲ್ಕು ಗಂಟೆನಾದ್ರೂ ಇಡ್ಬೇಕು. ಮಳೆಗಾಲದಲ್ಲಿ ಬ್ಯಾಗ್ ಬಾಯಿ ತೆಗೆದಿಟ್ಟು ಊಟಕ್ಕೆ ಹೋಗೋ ಅಭ್ಯಾಸ ಬಿಡಿಸಿ.

ಪ್ರಶ್ನೆ: ಮಾಲು ಹೇಗೆ ಹರಿಯತ್ತೆ ಅಂತ ಮೊದಲೇ ತೋರ್ಸೋ ಮೋಲ್ಡ್‌ಫ್ಲೋ ಸಾಫ್ಟ್‌ವೇರ್ ಇಲ್ದೇ ಡಿಸೈನ್ ಮಾಡೋಕೆ ಆಗಲ್ವಾ? ಲೈಸೆನ್ಸ್ ರೇಟ್ ಕೇಳಿ ತಲೆ ತಿರುಗ್ತು. (ಮೈಸೂರು)

ಉತ್ತರ: ಆಗತ್ತೆ. ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಅನ್ನೋರು ಮೋಲ್ಡ್‌ಫ್ಲೋ ಶುರು ಮಾಡಿದ್ದು 1978ರಲ್ಲಿ, ಆಟೋಡೆಸ್ಕ್ ಅದನ್ನ ಕೊಂಡ್ಕೊಂಡಿದ್ದು 2008ರಲ್ಲಿ. ಅದಕ್ಕೂ ಮುಂಚೆ ಬಕೆಟ್ಟು, ಬಾಚಣಿಗೆ, ಟೆಲಿಫೋನು ಎಲ್ಲಾ ಮೋಲ್ಡ್ ಆಗ್ತಾನೇ ಇದ್ವಲ್ಲ. ಪೇಪರ್ ಮೇಲೆ ಗೇಟ್‌ನಿಂದ ಅತಿ ದೂರದ ಮೂಲೆಗೆ ಒಂದು ದಾರ ಇಟ್ಟು ಉದ್ದ ಅಳೀರಿ, ಗೋಡೆ ದಪ್ಪದಿಂದ ಭಾಗಿಸಿ. ಆ ಸಂಖ್ಯೆ ನಿಮ್ಮ ಗ್ರೇಡ್ ಎಷ್ಟು ದೂರ ಹರಿಯತ್ತೆ ಅಂತ ಡೇಟಾಶೀಟ್‌ನಲ್ಲಿ ಕೊಟ್ಟಿರೋದಕ್ಕಿಂತ ಕಮ್ಮಿ ಇದ್ರೆ ತುಂಬತ್ತೆ. ಪಿಪಿ ದೂರ ಹೋಗತ್ತೆ, ಪಾಲಿಕಾರ್ಬೊನೇಟ್ ಬೇಗ ನಿಂತೋಗತ್ತೆ, ಎಬಿಎಸ್ ಮಧ್ಯದಲ್ಲಿ.

ಮೋಲ್ಡ್ ಬಂದ್ಮೇಲೆ ಮೊದಲ ಟ್ರಯಲ್‌ನಲ್ಲೇ ಫುಲ್ ಪೀಸ್ ಹೊಡೀಬೇಡಿ. ಹೋಲ್ಡಿಂಗ್ ಆಫ್ ಮಾಡಿ, ಮಾಲು ಕಮ್ಮಿ ಇಟ್ಟು ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ ಹೀಗೆ ಹೊಡೆದು ಸಾಲಾಗಿ ಮೇಜಿನ ಮೇಲೆ ಜೋಡಿಸಿ. ಯಾವ ಕಡೆ ಮೊದಲು ತುಂಬ್ತು, ಎಲ್ಲಿ ತಡೀತು, ಗಾಳಿ ಎಲ್ಲಿ ಸುತ್ತುವರೀತು ಎಲ್ಲಾ ಕಣ್ಣಿಗೇ ಕಾಣತ್ತೆ. ಲಕ್ಷಗಟ್ಟಲೆ ಸಾಫ್ಟ್‌ವೇರ್ ಇಟ್ಕೊಂಡೋರೂ ಟ್ರಯಲ್ ದಿನ ಇದನ್ನೇ ಮಾಡೋದು. ದೊಡ್ಡ ಮೋಲ್ಡ್ ಆದ್ರೆ ಮಾತ್ರ ಸಿಮ್ಯುಲೇಷನ್ ಇಲ್ಲದೇ ಸ್ಟೀಲ್ ಕಟ್ ಮಾಡ್ಬೇಡಿ. ಆ ಒಂದು ಕೆಲಸಾನ ಹೊರಗೆ ಕೊಟ್ಟು ಮಾಡಿಸ್ಬಹುದು, ನಿಮ್ಮೂರಿನ ಸಿಪೆಟ್‌ನಲ್ಲೂ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಒಂದ್ಸಲ ವಿಚಾರಿಸಿ.

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಾಗ ನಮ್ಮ ಫೌಂಡ್ರಿ ಐತ್ರಿ. ಅಲ್ಯೂಮಿನಿಯಂ ಪಂಪ್ ಕವರ್ ಸ್ಯಾಂಡ್ ಕಾಸ್ಟಿಂಗ್ ಮಾಡ್ತೇವಿ, ಗೋಡಿ 8 ಎಂಎಂ. ಈಗ ಪಾರ್ಟಿ ಡೈಕಾಸ್ಟಿಂಗ್‌ನಾಗ ಮಾಡಿ ಕೊಡ್ರಿ ಅನ್ನಾಕತ್ತಾರ. ಇದ ಡ್ರಾಯಿಂಗ್ ನಡೀತದೇನ್ರಿ?

ಉತ್ತರ: ನಡಿಯಲ್ಲ ರೀ. ಸ್ಯಾಂಡ್‌ನಲ್ಲಿ ನೀವು ರೈಸರ್ (ಕರಗಿದ ಲೋಹದ ಸಂಗ್ರಹ) ಇಟ್ಟು ದಪ್ಪ ಭಾಗಕ್ಕೆ ಲೋಹ ಉಣಿಸ್ತೀರಿ, ನಿಧಾನಕ್ಕೆ ಆರತ್ತೆ. ಡೈಕಾಸ್ಟಿಂಗ್‌ನಲ್ಲಿ ರೈಸರ್ ಇಲ್ಲ, ತೆಳು ಗೇಟ್ ತಟ್ಟಂತ ಮುಚ್ಕೊಳತ್ತೆ, 8 ಎಂಎಂ ಗೋಡೆ ಮಧ್ಯೆ ಪೂರ್ತಿ ಜಾಲರಿ ಆಗ್ಬಿಡತ್ತೆ. ಗೋಡೆ 3ಕ್ಕೆ ಇಳಿಸಿ, ಬಲ ಬೇಕಾದ ಕಡೆ ರಿಬ್ ಕೊಡಿ, ಒಳಗಿನ ಮೂಲೆಗೆಲ್ಲಾ ಒಳ್ಳೆ ರೇಡಿಯಸ್, ಒಳಗೋಡೆಗೆ ಎರಡು ಡಿಗ್ರಿ ಡ್ರಾಫ್ಟ್. ಮರಳಿನ ಕೋರ್ ಇಟ್ಟು ತೆಗೀತಿದ್ದ ಒಳದಾರಿಗಳು ಇದ್ರೆ ಸ್ಟೀಲ್ ಕೋರ್ ಎಳೆಯೋಕೆ ಆಗತ್ತಾ ನೋಡಿ, ಇಲ್ಲಾಂದ್ರೆ ಕವರ್‌ನ ಎರಡು ಪೀಸ್ ಮಾಡ್ಬೇಕಾಗತ್ತೆ.

ಸತು ಆದ್ರೆ ಹಾಟ್ ಚೇಂಬರ್ ಮೆಷಿನ್‌ನಲ್ಲಿ (ಪಂಪ್ ಭಾಗ ಕರಗಿದ ಲೋಹದಲ್ಲೇ ಮುಳುಗಿರತ್ತೆ) ಬೇಗ ಬೇಗ ಆಗತ್ತೆ, ಅಲ್ಯೂಮಿನಿಯಂ ಕಬ್ಬಿಣದ ಭಾಗಗಳನ್ನ ತಿನ್ನೋದ್ರಿಂದ ಕೋಲ್ಡ್ ಚೇಂಬರೇ (ಲೋಹಾನ ಬೇರೆ ಕುಲುಮೆಯಿಂದ ತಂದು ಹುಯ್ಯೋದು) ಗತಿ, ಆ ಮೆಷಿನ್ ಇರೋ ಕಡೆ ಕೊಟೇಷನ್ ತಗೊಳ್ಳಿ. ಅದಕ್ಕೂ ಮೊದಲು ಪಾರ್ಟಿಯೋರಿಗೆ ವರ್ಷಕ್ಕೆ ಎಷ್ಟು ಪೀಸ್ ಅಂತ ಕೇಳಿ. ಎಚ್13 ಸ್ಟೀಲ್ ಡೈ ಅಲ್ಯೂಮಿನಿಯಂಗೆ ಲಕ್ಷದ ಆಸುಪಾಸು ಶಾಟ್ ಬಾಳಿಕೆ ಬರತ್ತೆ, ಆದ್ರೆ ಅದರ ರೇಟೂ ಹಾಗೇ ಇರತ್ತೆ. ಐನೂರು-ಸಾವಿರ ಪೀಸಿನ ಮಾತಾದ್ರೆ ಡೈಕಾಸ್ಟಿಂಗ್ ಬೇಡ, ಗ್ರಾವಿಟಿ ಡೈನಲ್ಲಿ (ಒತ್ತಡ ಇಲ್ದೇ ಲೋಹದ ಅಚ್ಚಿಗೆ ಹುಯ್ಯೋದು) 5 ಎಂಎಂ ಗೋಡೆಗೆ ಮಾಡಿ ಕೊಡ್ತೀವಿ ಅನ್ನಿ. ರೈಸರ್ ಇಡೋ ನಿಮ್ಮ ಹುಡುಗ್ರ ಕೈಗುಣ ಅಲ್ಲಿ ಉಪಯೋಗಕ್ಕೆ ಬರತ್ತೆ.